ಬಾವಿಗೆ ಹಚ್ಚದ ದೀಪ

“ತಾಯಿ, ಕಡ್ಡಿ ಗೀರಬೇಡಿ!” ಎಂದು ಚೀರಿದ ಎಣ್ಣೆ ಕಂಪನಿಯ ಸಾಹೇಬ, ನಮ್ಮ ಅತ್ತೆಯ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡ.

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತಿದು. ರಾಜೇಶ್ವರದ ಹತ್ತಿರ ಕಂಪನಿಯ ಟ್ಯಾಂಕರ್ ಪಲ್ಟಿಯಾಗಿ, ಪೆಟ್ರೋಲ್ ನಮ್ಮೂರ ಬಾವಿಯ ಪಕ್ಕದ ಹೊಲಕ್ಕೆ ಹರಿದಿತ್ತು. ಎಷ್ಟು ಸೋರಿತು, ಎಲ್ಲಿಗೆ ಇಳಿಯಿತು, ನಿಜ ಹೇಳಿ ಎಂದು ಶಾಸಕರಿಬ್ಬರು ಸಾಹೇಬನನ್ನು ಬಾವಿಗೇ ಕರೆತಂದಿದ್ದರು. “ಎಲ್ಲ ಆರಿಹೋಗಿದೆ, ಬಾವಿಗೆ ಏನೂ ಆಗಿಲ್ಲ” ಎಂದು ಅವನು ಎಲ್ಲರೆದುರು ಹೇಳಿದ. ಅತ್ತೆ ಆ ಮಾತು ನಂಬಿದರು. ನಿಂತುಹೋಗಿದ್ದ ನನ್ನ ಗಂಗೆಪೂಜೆ ಮುಗಿಸಿಯೇಬಿಡೋಣ ಎಂದರು. ಬಾಣಂತಿ ಮೊದಲ ಸಲ ನೀರಿಗೆ ಹೋಗುವಾಗ ಬಾವಿಕಟ್ಟೆಯ ಮೇಲೆ ದೀಪ ಹಚ್ಚುವುದು ನಮ್ಮ ಪದ್ಧತಿ. ಸಣ್ಣಗೆ ವಾಸನೆ ಬರುತ್ತಿತ್ತು. ಹೊಲದ್ದಿರಬೇಕು ಎಂದುಕೊಂಡೆ. ಕೂಸು ನನ್ನ ಬಗಲಲ್ಲಿತ್ತು.

“ಬಾವಿಗೆ ಏನೂ ಆಗಿಲ್ಲ ಅಂದ್ರಲ್ಲ? ಮತ್ತ ದೀಪಕ್ಕ ಯಾಕ ಅಂಜಾಕತ್ತೀರಿ?” ಎಂದು ಹಿರಿಯ ಶಾಸಕರು ಕೇಳಿದರು. ಸಾಹೇಬ ಕಡ್ಡಿಪೆಟ್ಟಿಗೆಯನ್ನು ಜೇಬಿಗಿಳಿಸಿ ಬಾವಿಕಟ್ಟೆಯಿಂದ ದೂರ ಸರಿದ. ಬಗ್ಗಿ ಬಾವಿ ನೋಡಲು ನನಗೆ ಧೈರ್ಯವಾಗಲಿಲ್ಲ. ಕೂಸನ್ನು ಅವಚಿಕೊಂಡು ಮನೆಯತ್ತ ಓಡಿದೆ.

ಅಂದು ಕೂಸಾಗಿದ್ದ ಮಗಳು ಈಗ ಶಾಲೆಗೆ ಹೋಗುತ್ತಾಳೆ. ದೇವರ ಮುಂದೆ ದೀಪ ಹಚ್ಚುವಾಗಲೂ ನಾನು ಅವಳನ್ನು ಹೊರಗೆ ಕಳಿಸಿ, ಒಮ್ಮೆ ವಾಸನೆ ನೋಡಿ, ಆಮೇಲೆ ಕಡ್ಡಿ ಗೀರುತ್ತೇನೆ.