ಒಂದೇ ಸಲ ಕೇಳಿದವಳು

ನಮ್ಮ ಸ್ಕೂಲಿನ ಹೊಸ ಪ್ರಿನ್ಸಿಪಾಲ್ ನನ್ನನ್ನು ತಾನಾಗಿ ಆ ಮಾತು ಕೇಳಿದ್ದು ಒಂದೇ ಸಲ. ನಾನು ಬೇಡ ಅಂದೆ. ಅಂದದ್ದು ಬೇಡ ಅಂತಲೇ ಹೌದು, ಆದರೆ ಅದು ಬೇಡ ಅಂತಲ್ಲ. ಇದನ್ನು ಬಿಡಿಸಿ ಹೇಳಲು ಹೋಗಿ ನನ್ನ ಗಂಡನ ಹತ್ತಿರವೇ ಸೋತಿದ್ದೇನೆ.

ಮೈಸೂರಿನಲ್ಲಿ ನಾನು ಹೈಸ್ಕೂಲ್ ಟೀಚರ್ ಆಗಿದ್ದವಳು. ಸ್ವಾತಂತ್ರ್ಯ ದಿನಾಚರಣೆ ಇರಲಿ, ಬೀಳ್ಕೊಡುಗೆ ಇರಲಿ, ಮೈಕು ನನ್ನ ಕೈಗೇ ಬರುತ್ತಿತ್ತು. ಅಮೆರಿಕದ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರಿಗೆ ಬಂದ ಮೇಲೆ, ಕೆಲಸಕ್ಕೆ ಅನುಮತಿಯಿಲ್ಲದ ವೀಸಾದ ದೆಸೆಯಿಂದ ವರ್ಷಗಟ್ಟಲೆ ಮನೆಯಲ್ಲಿ ಕೂತೆ. ಗ್ರೀನ್ ಕಾರ್ಡ್ ಬಂದ ಮೇಲೆ ಸಿಕ್ಕಿದ್ದು ಎಲಿಮೆಂಟರಿ ಸ್ಕೂಲಿನಲ್ಲಿ ಮಕ್ಕಳ ಊಟದ ಹೊತ್ತನ್ನು ನೋಡಿಕೊಳ್ಳುವ ಕೆಲಸ. ಹಾಲಿನ ಡಬ್ಬಿ ಬಿಡಿಸಿಕೊಡುವುದು, ಚೆಲ್ಲಿದ್ದನ್ನು ಒರೆಸುವುದು, ಮೆಲ್ಲಗೆ ಮಾತಾಡಿ ಎಂದು ಇಡೀ ಊಟದ ಕೋಣೆಗೆ ಕೇಳುವಂತೆ ಕಿರುಚುವುದು. ಕೆಲಸ ಕೆಟ್ಟದ್ದೇನಲ್ಲ. ಆದರೆ ನನಗೂ ಮಾತಾಡಲು ಬರುತ್ತದೆ ಎಂಬುದು ಈ ದೇಶದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಹೊಸ ಪ್ರಿನ್ಸಿಪಾಲಳ ತಂದೆತಾಯಿ ಪೆಸಿಫಿಕ್ ಸಮುದ್ರದ ನಡುವಿನ ಟೊಂಗಾ ದ್ವೀಪದವರು. ಆಕೆ ಬೆಳೆದದ್ದು ಆಕ್ಲೆಂಡಿನಲ್ಲಿ, ನ್ಯೂಜೆರ್ಸಿಗೆ ಬಂದದ್ದು ಗಂಡನ ಕೆಲಸದ ಹಿಂದೆ. ನನಗಿಂತ ಎಷ್ಟೋ ಚಿಕ್ಕವಳು, ಅದಕ್ಕೇ ಈ ಏಕವಚನ. ಮೊದಲ ದಿನವೇ ಕಪ್ಪು ಉಡುಪಿನ ಮೇಲೆ, ಸೊಂಟಕ್ಕೆ ಹೆಣೆದ ಚಾಪೆಯೊಂದನ್ನು ಸುತ್ತಿ ಹಗ್ಗ ಬಿಗಿದುಕೊಂಡು ಬಂದಳು. ನಮ್ಮವರ ವಾಟ್ಸಾಪ್ ಗ್ರೂಪಿನಲ್ಲಿ ಅಂದೆಲ್ಲ ಅದೇ ಸುದ್ದಿ. "ಏನ್ರೀ ಅದು, ಚಾಪೆ ಸುತ್ಕೊಂಡು ಬಂದಿದಾರೆ? ಮೀಟಿಂಗಲ್ಲಿ ಹಾಸ್ಕೊಂಡು ಮಲಗೋದಾ?" ಎಂದು ಒಬ್ಬರು ಕೇಳಿದರೆ ಉಳಿದವರೆಲ್ಲ ನಗುವ ಮುಖಗಳನ್ನು ಕಳಿಸಿದರು. ದೊಡ್ಡವರ ಎದುರು ಹೋಗುವಾಗ ಅದನ್ನು ಕಟ್ಟಿಕೊಳ್ಳುವುದು ಅವರಲ್ಲಿ ಮರ್ಯಾದೆಯಂತೆ. ಅವಳೇ ಆಮೇಲೆ ಹೇಳಿದಳು.

ಬಂದ ತಿಂಗಳೊಳಗೆ ಆಕೆ ಒಂದು ಯೋಜನೆ ಹಾಕಿದಳು. ಶನಿವಾರ ಬೆಳಿಗ್ಗೆ ಎಲ್ಲ ಮನೆಯವರೂ ಸ್ಕೂಲಿಗೆ ಬರುವುದು, ನೆಲದ ಮೇಲೆ ಕೂರುವುದು, ಮೊದಲು ಊಟ, ಆಮೇಲೆ ಮಾತು. ಅವರ ಕಡೆ ಸಭೆ ಕರೆದ ಯಜಮಾನರು ಮೊದಲು ಬಾಯಿ ಬಿಡುವುದಿಲ್ಲವಂತೆ. ಸೇರಿದವರ ಪರವಾಗಿ ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ಸ್ವಾಗತ ಹೇಳಬೇಕು, ಯಜಮಾನರು ಅದಕ್ಕೆ ಉತ್ತರ ಕೊಡಬೇಕು.

ಆ ಹಿರಿಯರು ನೀವಾಗುತ್ತೀರಾ ಎಂದು ಕೇಳಲು ಆಕೆ ಊಟದ ಕೋಣೆಗೇ ಬಂದಳು. ನಾನು ಬೆಂಚಿನ ಮೇಲೆ ಕೂತಿದ್ದೆ. ಆಕೆ ಎದುರಿಗೆ ನೆಲಕ್ಕೆ ಮಂಡಿಯೂರಿ, ನನಗಿಂತ ಕೆಳಗೆ ಕೂತು, "ಆಂಟಿ, ಕನ್ನಡದಲ್ಲೇ ಮಾತಾಡಿ, ನಾನು ನಿಮ್ಮ ಪಕ್ಕ ನಿಂತಿರುತ್ತೇನೆ" ಎಂದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಪ್ರಿನ್ಸಿಪಾಲು ನೆಲದಲ್ಲಿ, ನಾನು ಬೆಂಚಿನಲ್ಲಿ! ಮಕ್ಕಳೆಲ್ಲ ತಿನ್ನುವುದು ಬಿಟ್ಟು ನೋಡುತ್ತಿದ್ದವು. ನನ್ನ ಬಾಯಿಂದ ಬಂದದ್ದು ಇಷ್ಟು: "ಅಯ್ಯೋ, ನಾನಾ? ಬೇಡ ಬೇಡ. ನನಗಿಂತ ಚೆನ್ನಾಗಿ ಮಾತಾಡೋರು ಎಷ್ಟೋ ಜನ ಇದಾರೆ."

ಆಕೆ ತಲೆ ಬಾಗಿಸಿ, ಥ್ಯಾಂಕ್ಯೂ ಹೇಳಿ ಎದ್ದು ಹೋದಳು.

ನಾನು ಕಾಯುತ್ತಾ ಕೂತೆ. ಕಾಫಿ ಕೊಡಲೇ ಎಂದರೂ ಮೊದಲು ಬೇಡ ಅನ್ನುವುದು ತಾನೆ ನಮ್ಮ ಕ್ರಮ? ಕೇಳಿದವರು "ಹಾಗಂದ್ರೆ ಹೇಗೆ, ಕುಡೀಲೇಬೇಕು" ಅನ್ನುತ್ತಾರೆ, ನಾವು "ಸರಿ, ಸ್ವಲ್ಪ" ಅನ್ನುತ್ತೇವೆ. ಆಕೆ ನಾಳೆ ಬರುತ್ತಾಳೆ ಎಂದುಕೊಂಡು ಪಾತ್ರೆ ತೊಳೆಯುತ್ತಾ ಭಾಷಣದ ಮೊದಲ ಸಾಲನ್ನೂ ಹೊಂದಿಸಿಟ್ಟೆ. ನಾಳೆ ಬಂತು, ವಾರ ಕಳೆಯಿತು, ಆಕೆ ಬರಲಿಲ್ಲ.

"ನೀನೇ ತಾನೆ ಬೇಡ ಅಂದಿದ್ದು?" ಎಂದರು ನನ್ನ ಗಂಡ.

"ಬೇಡ ಅಂದ್ರೆ ಬೇಡ ಅಂತಾನಾ? ಒಂದು ಮಾತು ಬಲವಂತ ಮಾಡಬಾರದಾ?"

"ಈ ದೇಶದಲ್ಲಿ ನೋ ಅಂದ್ರೆ ನೋ ಕಣೆ."

ಆಕೆ ಈ ದೇಶದವಳೂ ಅಲ್ಲವಲ್ಲ, ಅದೇ ನನ್ನ ತಲೆ ಕೆಡಿಸಿದ್ದು. ಮಂಡಿಯೂರಿ ಕೇಳುವಷ್ಟು ಗೌರವ ಇದ್ದವಳಿಗೆ ಇನ್ನೊಂದು ಮಾತಿಗೆ ಬಡತನವೇ?

ಅವಕಾಶ ಹೋದದ್ದು ಧಾರವಾಡದವರೊಬ್ಬರಿಗೆ. ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಗೆ ದಿನಾ ಕಮ್ಯೂಟ್ ಮಾಡುವ ಹೆಂಗಸು, ಮಗಳು ಮೂರನೇ ಕ್ಲಾಸಿನಲ್ಲಿ. ಶನಿವಾರ ನನ್ನ ಪಕ್ಕದಲ್ಲೇ ಕೂತು, "ನನ್ನ ಕೇಳಿದ್ರು ನೋಡ್ರಿ, ನಾ ಕೂಡ್ಲೇ ಹೂಂ ಅಂದುಬಿಟ್ಟೆ. ನಾಚಿಕಿ ಯಾಕ್ರಿ?" ಎಂದು ನಕ್ಕರು. ಅವರ ಮಾತು ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದದ್ದೇ ನನಗೆ ಸಹಿಸಲಾಗಲಿಲ್ಲ. ಪ್ರಿನ್ಸಿಪಾಲ್ ಅವರ ಪಕ್ಕ ನಿಂತು ಉತ್ತರ ಕೊಟ್ಟಳು. ಆಮೇಲೆ ಸೊಂಟ ಬಗ್ಗಿಸಿಕೊಂಡು ಜನರ ನಡುವೆ ನಡೆದು ಬಂದು, ಎಲ್ಲರಿಗಿಂತ ಮೊದಲು ನನ್ನ ಕೈಗೇ ಹಣ್ಣಿನ ತಟ್ಟೆ ಕೊಟ್ಟಳು. ಕೊಟ್ಟವಳು ಮುಖ ಮಾತ್ರ ನೋಡಲಿಲ್ಲ. ಇದು ಮರ್ಯಾದೆಯೋ, ಮುನಿಸೋ? ಮನೆಗೆ ಡ್ರೈವ್ ಮಾಡುವಾಗಲೂ ಅದೇ ಯೋಚನೆ, ತಿರುಗಬೇಕಾದ ಕಡೆ ತಿರುಗಲಿಲ್ಲ.

ಆ ಚಳಿಗಾಲವೆಲ್ಲ ಹೀಗೇ ಕಳೆಯಿತು. ಸಿಕ್ಕಿದಾಗೆಲ್ಲ ಆಕೆ ತಲೆ ಬಾಗಿಸುತ್ತಿದ್ದಳು, ನಾನು ಬಿಗಿಯಾಗಿ ನಗುತ್ತಿದ್ದೆ. ವಸಂತದಲ್ಲಿ ಇನ್ನೊಂದು ಶನಿವಾರ ಸೇರುವುದೆಂದು ಸುದ್ದಿಯಾಯಿತು. ಸುದ್ದಿ ಬಂದ ದಿನವೇ, ಮಕ್ಕಳು ಊಟ ಮುಗಿಸಿ ಆಟಕ್ಕೆ ಓಡಿದ ಮೇಲೆ ಆಕೆ ಊಟದ ಕೋಣೆಯ ಮೂಲಕ ಹೋಗುತ್ತಿದ್ದಳು. ನಾನು ಒರೆಸುವ ಬಟ್ಟೆ ಹಿಡಿದುಕೊಂಡೇ ಅಡ್ಡ ನಿಂತೆ.

"ನನ್ನನ್ನು ಇನ್ನೊಂದು ಸಲ ಯಾಕೆ ಕೇಳಲಿಲ್ಲ?"

ಆಕೆ ತಬ್ಬಿಬ್ಬಾದಳು. "ನೀವು ಬೇಡ ಅಂದಿರಲ್ಲ, ಆಂಟಿ."

"ಅದು ಬೇಡ ಅಂತಲ್ಲ."

"ಮತ್ತೆ?"

"ಇನ್ನೊಂದು ಸಲ ಕೇಳು ಅಂತ."

"ದೊಡ್ಡವರು ಬೇಡ ಅಂದ ಮೇಲೆ ಮತ್ತೆ ಕೇಳುವುದು ನಮ್ಮ ಮನೆಯಲ್ಲಿ ಉದ್ಧಟತನ. ಕೇಳಿದ್ದರೆ ನಮ್ಮಮ್ಮ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ."

ನನಗೆ ನಗು ಬಂತು. ಆಕೆ ನಗಲಿಲ್ಲ.

"ಅವತ್ತು ನೀವು ಬೇಡ ಅಂದ ಮೇಲೆ ಕಾರಿನಲ್ಲಿ ಕೂತು ಅತ್ತುಬಿಟ್ಟೆ" ಎಂದಳು. "ನನ್ನ ಚಾಪೆಯ ಬಗ್ಗೆ ಜನ ಏನು ಆಡಿಕೊಂಡರು ಅಂತ ನನಗೂ ಗೊತ್ತಿತ್ತು. ನನ್ನ ಪಕ್ಕ ನಿಲ್ಲಲು ನಿಮಗೆ ನಾಚಿಕೆ ಅಂದುಕೊಂಡೆ."

ಇಷ್ಟು ದಿನ ನನ್ನನ್ನು ಬಿಟ್ಟರು, ನನ್ನನ್ನು ಕೇಳಲಿಲ್ಲ ಎಂದು ಕುದಿಯುತ್ತಿದ್ದವಳು ನಾನು. ಬೇಡ ಅನ್ನಿಸಿಕೊಂಡವಳು ಅವಳು ಎಂದು ಒಂದು ದಿನವೂ ಹೊಳೆದಿರಲಿಲ್ಲ. "ಸರಿ, ಈಗ ಕೇಳು" ಎಂದೆ.

ಆಕೆ ಇಲ್ಲವೆಂದು ತಲೆಯಾಡಿಸಿದಳು. "ಈಗ ಹೇಗೆ ಕೇಳಲಿ? ಬೇಡ ಅಂದರೆ ಅದು ಬೇಕು ಅಂತಲೋ ಏನೋ. ಹೂಂ ಅಂದರೆ ನಾನು ಅತ್ತುಬಿಟ್ಟೆ ಅಂದೆನಲ್ಲ, ಆ ಕನಿಕರಕ್ಕೋ ಏನೋ. ನನಗೆ ಹೇಗೆ ಗೊತ್ತಾಗಬೇಕು, ಆಂಟಿ?"

ಮೈಸೂರಿನಲ್ಲೂ ನಾನು ಮೈಕು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ, ಯಾರಾದರೂ ಒತ್ತಾಯ ಮಾಡುವವರೆಗೂ ಹಿಂದಿನ ಸಾಲಿನಲ್ಲೇ ಕೂತಿರುತ್ತಿದ್ದೆ. ಈಗ ಒತ್ತಾಯ ಮಾಡುವವರಿಲ್ಲ. ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಕೇಳಬೇಡ" ಎಂದೆ. "ನಾನೇ ಹೇಳ್ತಿದೀನಿ. ನಿನ್ನ ಪಕ್ಕ ನಿಂತು ಮಾತಾಡಬೇಕು ಅಂತ ನನಗೆ ಆಸೆ. ಅವತ್ತೂ ಇತ್ತು."

"ನಿಜವಾಗಿಯೂ?" ಎಂದಳು.

ಹೌದು ಎಂದೆ. ಆಕೆ, ಅಮ್ಮ ಎಲ್ಲಿ ಬಂದುಬಿಡುತ್ತಾರೋ ಎನ್ನುವ ಹಾಗೆ, ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಬೈಸಿಕೊಳ್ಳುವ ಮಗುವಿನ ಹಾಗೆ ಅಳುಕುತ್ತಾ, ಇನ್ನೊಂದು ಸಲ ಕೇಳಿದಳು.