ಹನ್ನೊಂದು ಗಂಟೆಯ ಸಾರು

ಮೊನ್ನೆ ಅಡಿಲೇಡಿನ ಪ್ರಾಸ್ಪೆಕ್ಟಿನಿಂದ ಅಕ್ಕ ಕಳಿಸಿದ ಸಾರಿನ ಪುಡಿಯ ಪೊಟ್ಟಣ ಬಿಚ್ಚಿದೆ ನೋಡಿ, ಕಾಳುಮೆಣಸಿನ ಘಾಟಿಗೆ ಸೀನಿನ ಮೇಲೆ ಸೀನು. ಬ್ರಿಸ್ಬೇನಿನ ಫಾರೆಸ್ಟ್ ಲೇಕಿನ ನಮ್ಮ ಮನೆಯಲ್ಲಿ ಅಡುಗೆಮನೆಯ ಮೇಜೇ ನನ್ನ ಆಫೀಸು. ಗಂಟೆ ಹನ್ನೊಂದರ ಹತ್ತಿರ. ಲ್ಯಾಪ್‌ಟಾಪ್ ಮುಂದೆ ಮೂಗೊರೆಸಿಕೊಳ್ಳುತ್ತಾ ಕೂತವಳಿಗೆ ನೆನಪಾದದ್ದು ಒಂದು ಹಡಗು. ಸೀನಿಗೂ ಹಡಗಿಗೂ ಎಲ್ಲಿಯ ಸಂಬಂಧ ಅಂತೀರಾ? ಸ್ವಲ್ಪ ತಾಳಿ, ನಮ್ಮ ಮನೆಯವರ ಮಾತು ಯಾವತ್ತೂ ಸುತ್ತಿ ಬಳಸಿಯೇ ಬರುವುದು.

ನಮ್ಮಪ್ಪ ಕಾರವಾರದವರು. ಬೊಂಬಾಯಿಗೆ ಹೋಗಿ, ಒಂದು ಬ್ರಿಟಿಷ್ ಕಂಪನಿಯ ಹಡಗಿನಲ್ಲಿ ಪ್ರಯಾಣಿಕರಿಗೆ ಊಟ-ತಿಂಡಿ ಬಡಿಸುವ ಕೆಲಸಕ್ಕೆ ಸೇರಿದರು. ಆ ಕಂಪನಿ ಮೊದಲು ಅಂಚೆ ಹೊತ್ತಿತಂತೆ, ಆಮೇಲೆ ಸಾಹೇಬರನ್ನು, ಆಮೇಲೆ ಆಸ್ಟ್ರೇಲಿಯಾದಲ್ಲಿ ಬದುಕು ಕಟ್ಟಿಕೊಳ್ಳಲು ಹೊರಟ ಸಂಸಾರಗಳನ್ನು. ವಿಮಾನ ಬಂದ ಮೇಲೆ ಯಾರಿಗೆ ಬೇಕು ವಾರಗಟ್ಟಲೆ ನೀರಿನ ಮೇಲಿನ ವಾಸ? ಆ ಬಿಳಿ ಹಡಗುಗಳು ಒಂದೊಂದಾಗಿ ಗುಜರಿ ಸೇರಿದವು. ಅಪ್ಪನ ಹಡಗೂ ಸೇರಿತು. ಅದನ್ನು ಅಪ್ಪ ಹೆಸರು ಹಿಡಿದು ಕರೆದದ್ದೇ ಇಲ್ಲ, 'ಅವಳು' ಎನ್ನುತ್ತಿದ್ದರು. ಅಮ್ಮ ಬಿಡುತ್ತಾಳೆಯೆ? 'ನನ್ನ ಸವತಿ' ಎನ್ನುತ್ತಿದ್ದಳು. ವರ್ಷದ ಬಹುಪಾಲು ಗಂಡನನ್ನು ಇಟ್ಟುಕೊಂಡವಳನ್ನು ಇನ್ನೇನೆಂದು ಕರೆಯಬೇಕು, ನೀವೇ ಹೇಳಿ.

ಕೆಲಸ ಮುಗಿದ ಮೇಲೆ ಅಪ್ಪ ಅಮ್ಮನ ತವರಾದ ಮೈಸೂರಿನಲ್ಲಿ ನೆಲೆಸಿದರು. ಸಮುದ್ರದ ಗಾಳಿಯೂ ಸೋಕದ ಊರು. ಆದರೂ ಬೆಳಗಿನ ಹನ್ನೊಂದಾಯಿತೆಂದರೆ ಅವರ ಮೈಮೇಲೆ ಹಡಗು ಬರುತ್ತಿತ್ತು. ಅಡುಗೆಮನೆಯಿಂದ ಅಮ್ಮನನ್ನು ಕರೆತಂದು ಜಗಲಿಯ ಆರಾಮಕುರ್ಚಿಯಲ್ಲಿ ಕೂರಿಸಿ, ಮೊಣಕಾಲ ಮೇಲೆ ಶಾಲು ಹೊದಿಸುತ್ತಿದ್ದರು. ಆಮೇಲೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಲ್ಲಿ ಪಿಂಗಾಣಿ ಬಟ್ಟಲು ತುಂಬ ಬಿಸಿ ಮೆಣಸಿನ ಸಾರು ತಂದು, ಬಗ್ಗಿ ಕೊಡುತ್ತಿದ್ದರು.

"ಈ ಬಿಸಿಲಲ್ಲಿ ಶಾಲು ಬೇರೆ ಕೇಡು! ಒಲೆ ಮೇಲೆ ಹುಳಿ ಸೀದುಹೋಗ್ತಿದೆ ಕಣ್ರೀ," ಎಂದು ಅಮ್ಮ ಎರಡು ಗುಟುಕು ಕುಡಿದು ಎದ್ದುಬಿಡುತ್ತಿದ್ದಳು. "ಸವತಿ ನೆನಪಾದ್ರೆ ನೀವೇ ಕುಡೀರಿ."

ಅಪ್ಪ ಕುಡಿಯುತ್ತಿರಲಿಲ್ಲ. ನಗುತ್ತಾ ಬಟ್ಟಲು ತೊಳೆದಿಡುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ. ಅಕ್ಕ ಮತ್ತು ನಾನು ಇದಕ್ಕೆ 'ಹಡಗಿನಾಟ' ಎಂದು ಹೆಸರಿಟ್ಟಿದ್ದೆವು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಇರಲು ಬಂದಳು. ಆಗ ನಾವಿದ್ದದ್ದು ಪರ್ತಿನ ಜೂಂಡಲಪ್‌ನಲ್ಲಿ. ನನ್ನವರಿಗೆ ಅಲ್ಲಿ ಆಸ್ಪತ್ರೆಯ ಡ್ಯೂಟಿ. ಬಂದ ವಾರದಲ್ಲೇ ಅಮ್ಮನ ಬೇಡಿಕೆ ಶುರುವಾಯಿತು.

"ಅವಳು ಬಂದು ನಿಲ್ತಿದ್ದ ಜಾಗ ತೋರ್ಸೇ. ಅವರನ್ನ ಅಷ್ಟು ಮರುಳು ಮಾಡಿದ್ದೇನು ಅಂತ ಒಂದ್ಸಲ ನೋಡ್ಬಿಡ್ತೀನಿ."

ನಗುನಗುತ್ತಲೇ ಹೇಳಿದಳು. ಆದರೆ ಕಾರಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡುತ್ತಾ, "ನನ್ನ ಜೊತೆ ಇದ್ದಾಗ್ಲೂ ಅವರ ಮನಸ್ಸು ಅಲ್ಲೇ ಇತ್ತೇನೋ, ಅಲ್ವೇನೇ?" ಎಂದು ಕೇಳಿದಳು. ನಗು ಇರಲಿಲ್ಲ. ಇಷ್ಟು ವರ್ಷ ಸವತಿ, ಸವತಿ ಎಂದು ತಮಾಷೆ ಮಾಡಿದವಳ ಹೊಟ್ಟೆಯೊಳಗೆ ಇದು ಕೂತಿತ್ತೆಂದು ನನಗೆ ಗೊತ್ತಿರಲಿಲ್ಲ. "ಸರ್ವೋ ಬಂಕಲ್ಲಿ ಪೆಟ್ರೋಲ್ ಹಾಕ್ಕೋಬೇಕಮ್ಮ," ಎಂದು ಮಾತು ತೇಲಿಸಿದೆ.

ಅಪ್ಪನ ಹಡಗು ಬಂದು ನಿಲ್ಲುತ್ತಿದ್ದ, ಪರ್ತಿನ ಪಕ್ಕದ ಫ್ರೀಮ್ಯಾಂಟಲ್ ಬಂದರಿನಲ್ಲಿ ಅವತ್ತು ಹಡಗೇನೂ ಇರಲಿಲ್ಲ. ಪ್ರಯಾಣಿಕರು ಇಳಿಯುತ್ತಿದ್ದ ಹಳೆಯ ಕಟ್ಟಡದ ಒಂದು ಕೋಣೆಯಲ್ಲಿ ಆ ಕಾಲದ ಫೋಟೋಗಳನ್ನು ತೂಗುಹಾಕಿದ್ದರು. ಅಮ್ಮ ಒಂದರ ಮುಂದೆ ನಿಂತುಬಿಟ್ಟಳು. ಹಡಗಿನ ಡೆಕ್ಕಿನಲ್ಲಿ ಆರಾಮಕುರ್ಚಿಗೆ ಒರಗಿದ ಒಬ್ಬ ದೊರೆಸಾನಿ, ಮೊಣಕಾಲ ಮೇಲೆ ಕಂಬಳಿ. ಎದುರಿಗೆ ಬಿಳಿ ಕೋಟಿನ ನಮ್ಮ ದೇಶದವನೊಬ್ಬ. ಎಡಗೈ ಬೆನ್ನ ಹಿಂದೆ, ಬಲಗೈಯಲ್ಲಿ ಬಟ್ಟಲು, ಬಗ್ಗಿದ್ದಾನೆ. ಅಪ್ಪ ಅಲ್ಲ, ಬೇರೆ ಯಾರೋ. ಕೆಳಗಿದ್ದ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ: ಬೆಳಗಿನ ಹನ್ನೊಂದಕ್ಕೆ ಮೇಲ್ದರ್ಜೆಯ ಪ್ರಯಾಣಿಕರಿಗೆ ಕೂತಲ್ಲಿಗೇ ಬಿಸಿ ಸಾರು ತಂದುಕೊಡುವುದು ಈ ಹಡಗುಗಳ ಪದ್ಧತಿಯಾಗಿತ್ತು.

ಅಮ್ಮ ಬಹಳ ಹೊತ್ತು ಆ ಕುರ್ಚಿಯ ಹೆಂಗಸನ್ನೇ ನೋಡಿದಳು.

"ಅಯ್ಯೋ, ಇದು ನಾನು ಕಣೇ! ನನ್ನನ್ನ ಇಲ್ಲಿ ಕೂರಿಸ್ತಿದ್ರು," ಎಂದಳು. "ಸವತಿ ಸವತಿ ಅಂತ ಅಂದ್ಕೊಂಡು, ಒಂದು ದಿನವೂ ಪೂರ್ತಿ ಕುಡೀಲಿಲ್ವಲ್ಲೇ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಯಾರ್ಯಾರಿಗೋ ಬಗ್ಗಿ ಬಡಿಸಿದ ಮನುಷ್ಯ, ಅಲ್ಲಿ ಕಂಡ ಅತಿ ದೊಡ್ಡ ಮರ್ಯಾದೆಯನ್ನು ಹೆಂಡತಿಗೆಂದು ಮನೆಗೆ ತಂದಿದ್ದರು.

ಈಗ ಅಮ್ಮನೂ ಇಲ್ಲ. ಆ ಜಗಲಿಯಲ್ಲಿ ಇಬ್ಬರನ್ನೂ ಇನ್ನೊಮ್ಮೆ ಕಾಣಬೇಕು, ಅಮ್ಮ ಬೈಯುವುದನ್ನು ಕೇಳಬೇಕು ಎಂದು ಜೀವ ಹಂಬಲಿಸುತ್ತದೆ. ಮೊನ್ನೆ ಸೀನು ನಿಂತ ಮೇಲೆ ಸಾರು ಕುದಿಸಲಿಟ್ಟೆ. ನನ್ನವರಿಗೆ ಅವತ್ತು ರಜೆ. "ನೀನು ಕೆಲಸ ಮಾಡ್ತಿರು, ಅಲ್ಲಿಗೇ ತಂದ್ಕೊಡ್ತೀನಿ," ಎಂದರು. ಬೇರೆ ದಿನವಾಗಿದ್ದರೆ 'ಹೂಂ, ಇಟ್ಟು ಹೋಗಿ' ಎನ್ನುತ್ತಿದ್ದೆ. ಅವತ್ತು ಲ್ಯಾಪ್‌ಟಾಪ್ ಮುಚ್ಚಿ, ಕೆರೆಯ ಕಡೆಗಿರುವ ಹಿತ್ತಲಿಗೆ ಹೋಗಿ ಕುರ್ಚಿಯಲ್ಲಿ ಒರಗಿ, ಒಂದು ಟವಲನ್ನು ಮೊಣಕಾಲ ಮೇಲೆ ಹಾಸಿಕೊಂಡೆ. ಬಟ್ಟಲು ಹಿಡಿದು ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನೇ ಇದು ವೇಷ? ಹನ್ನೊಂದಕ್ಕೆ ಮೀಟಿಂಗ್ ಇತ್ತಲ್ವಾ?"

"ಇದೆ. ಕಾಯ್ಲಿ ಬಿಡಿ," ಎಂದೆ. ತಳ ಕಾಣುವವರೆಗೂ ಕುಡಿದೆ.