ಎಡಗೈಯಲ್ಲಿ ಕೊಟ್ಟ ಸಿಹಿ

ಯೋಕೋಹಾಮಾದಲ್ಲಿ ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರ್‌ಗಳ ತೋಳಿನ ಚಲನೆ ಅಳೆಯುವುದು ನನ್ನ ಸಂಶೋಧನೆಯಾಗಿತ್ತು. ಕೊರೊನಾ ಕಾಲದಲ್ಲಿ ಕ್ಲಬ್ಬೊಂದು ವೆನೆಜುವೆಲಾದ ತನ್ನ ಪಿಚರ್ ಒಬ್ಬನನ್ನು ತಿಂಗಳಿಗೊಮ್ಮೆ ನಮ್ಮ ಲ್ಯಾಬಿಗೆ ಕಳಿಸುತ್ತಿತ್ತು. ಚಲನೆ ಗುರುತಿಸಲು ತೋಳಿಗೆ ಅಂಟಿಸಿದ ಮಾರ್ಕರ್‌ಗಳನ್ನು ನಾನು ತೆಗೆಯುವ ಮೊದಲು ಪ್ರತಿ ಸಲವೂ ಕೇಳುತ್ತಿದ್ದ: “ಇನ್ನೊಂದು ಎಸೀಲಾ, ಡಾಕ್ಟರ್?” ನಾನಿನ್ನೂ ಡಾಕ್ಟರಾಗಿರಲಿಲ್ಲ; ತಿದ್ದಿದರೂ ಕೇಳುತ್ತಿರಲಿಲ್ಲ.

ಒಂದು ದಿನ, ಎಸೆತದಿಂದ ಎಸೆತಕ್ಕೆ ಅವನ ಮೊಣಕೈ ಕೆಳಗಿಳಿಯುತ್ತಿರುವುದು ಕಂಪ್ಯೂಟರಿನಲ್ಲಿ ಕಂಡಿತು.

“ನೋವಿದೆಯಾ?” ಎಂದೆ.

“ಊರಲ್ಲಿ ಅಮ್ಮ ಆಕ್ಸಿಜನ್ ಮೇಲಿದ್ದಾರೆ. ಈಗ ಕ್ಲಬ್‌ನಿಂದ ತೆಗೆದ್ರೆ ಸಿಲಿಂಡರ್‌ಗೆ ದುಡ್ಡು ಎಲ್ಲಿಂದ ತರ್ಲಿ? ಒಂದು ವಾರ ರಿಪೋರ್ಟ್ ಕಳಿಸ್ಬೇಡಿ.”

ನಾನು ಕಳಿಸಲಿಲ್ಲ.

ಆ ಶನಿವಾರದ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಿದೆ. ಅವನು ಮೊಣಕೈ ಹಿಡಿದು ಕುಸಿದಾಗ, ಪ್ರೇಕ್ಷಕರಿಲ್ಲದ ಆ ಕ್ರೀಡಾಂಗಣದಿಂದ ಅವನ ಕೂಗು ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿಸಿತು.

ಕ್ಲಬ್ ಅವನನ್ನು ತೆಗೆಯಿತು. ಊರಿಗೆ ಹೊರಡುವ ಮುನ್ನ, ಇಲ್ಲಿನವರ ರೂಢಿಯಂತೆ, ಸಿಹಿಯ ಡಬ್ಬಿ ಹಿಡಿದು ಲ್ಯಾಬಿಗೆ ಬಂದ. ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಜಪಾನಿನಲ್ಲಿ ಏನನ್ನು ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು. ಅವನು ಎಡಗೈಯೊಂದನ್ನೇ ಚಾಚಿ, ತಲೆ ಬಾಗಿಸಿದ.

“ಸುಮಿಮಾಸೆನ್, ಕ್ಷಮಿಸಿ ಡಾಕ್ಟರ್. ಒಂದೇ ಕೈಯಲ್ಲಿ ಕೊಡ್ತಿದ್ದೀನಿ.”

ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಕ್ಷಮೆ ಕೇಳಿದ್ದು ಅವನು, ನಾನಲ್ಲ.